ನಮ್ಮ ಮನೆಯ ಕಲೆಕ್ಟರ್ ಕೆಟ್ಟಿದೆ

ಬಳ್ಳಾರಿ ಸೀಮೆಯ ರಾಯರ ಭಕ್ತರ ಮನೆಗಳಲ್ಲಿ ಕಲೆಕ್ಟರ್ ಎಂದರೆ ಒಬ್ಬನೇ: ಥಾಮಸ್ ಮನ್ರೋ. 1800ರಿಂದ 1807ರವರೆಗೆ ಬಳ್ಳಾರಿ, ಅನಂತಪುರ, ಕಡಪ, ಕರ್ನೂಲು ಸೀಮೆಗಳಿಗೆಲ್ಲ ಅವನೇ ಪ್ರಿನ್ಸಿಪಲ್ ಕಲೆಕ್ಟರ್. ಮಂತ್ರಾಲಯದ ಮಠದ ಜಮೀನಿನ ತಕರಾರು ವಿಚಾರಿಸಲು ಹೋದವನು ಬೂಟು, ಟೋಪಿ ಕಳಚಿಟ್ಟು ಒಳಗೆ ಹೋದನಂತೆ. ಬೃಂದಾವನದ ಎದುರು ನಿಂತು ಯಾರ ಜೊತೆಗೋ ಇಂಗ್ಲಿಷಿನಲ್ಲಿ ಮಾತಾಡಿದನಂತೆ. ಪಕ್ಕದಲ್ಲಿದ್ದವರಿಗೆ ರಾಯರು ಕಾಣಲೂ ಇಲ್ಲ, ಕೇಳಲೂ ಇಲ್ಲವಂತೆ. ನಮ್ಮಜ್ಜಿ ಈ ಕಥೆ ಹೇಳುವಾಗ ಇಂಗ್ಲಿಷಿನ ಭಾಗವನ್ನೂ ತಾನೇ ಆಡಿ ತೋರಿಸುತ್ತಿದ್ದಳು. ಅವಳಿಗೆ ಬರುತ್ತಿದ್ದ ಇಂಗ್ಲಿಷ್ ಪದಗಳು ‘ಎಸ್’ ಮತ್ತು ‘ಟಪಾಲು’.

ಆ ಸೀಮೆಯಲ್ಲಿ ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಡುವುದೂ ಇತ್ತು. ನಮ್ಮಪ್ಪ ಹೆಸರಿನ ವಿಷಯದಲ್ಲಿ ನನ್ನನ್ನು ಬಿಟ್ಟರೂ ಹುದ್ದೆಯ ವಿಷಯದಲ್ಲಿ ಬಿಡಲಿಲ್ಲ. 1953ರಲ್ಲಿ ಬಳ್ಳಾರಿ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ಮೇಲೆ ಕಲೆಕ್ಟರರ ಜಾಗಕ್ಕೆ ಡೆಪ್ಯುಟಿ ಕಮಿಷನರರು ಬಂದರು. ಊರೆಲ್ಲ ‘ಡೀಸಿ’ ಎನ್ನತೊಡಗಿತು. ಅಪ್ಪ ಮಾತ್ರ ಒಪ್ಪಲಿಲ್ಲ. “ಡೆಪ್ಯುಟಿ ಗಿಪ್ಯುಟಿ ಬ್ಯಾಡ. ಆದ್ರ ಕಲೆಕ್ಟರೇ ಆಗ್ಬೇಕು” ಎಂದು, ಸರ್ಕಾರದಲ್ಲಿ ಇಲ್ಲದ ಹುದ್ದೆಗೆ ನನ್ನನ್ನು ತಯಾರು ಮಾಡಿದ.

ನಾನು ಬ್ಯಾಂಕಿನ ಗುಮಾಸ್ತನಾದೆ. ಪರಊರಿನ ಚೆಕ್ಕುಗಳನ್ನು ಕಳಿಸಿ ಹಣ ತರಿಸುವ ಸೆಕ್ಷನ್ನಿಗೆ ಹಾಕಿದರು. ಅದಕ್ಕೆ ಬ್ಯಾಂಕಿನ ಭಾಷೆಯಲ್ಲಿ ಕಲೆಕ್ಷನ್ ಎನ್ನುತ್ತಾರೆ. ಅಪ್ಪ ಊರಿನಲ್ಲಿ “ಮಗ ಕಲೆಕ್ಷನ್‌ದಾಗ ಇದ್ದಾನ” ಎಂದು ನಿಜವನ್ನೇ ಹೇಳಿದ. ಊರಿನವರು ತಮಗೆ ಬೇಕಾದಂತೆ ಕೇಳಿಸಿಕೊಂಡರು. ರಜೆಗೆ ಹೋದಾಗ ಜಗುಲಿಯ ಮೇಲೆ ಇಬ್ಬರು ರೈತರು ಪಹಣಿ ಹಿಡಿದುಕೊಂಡು ಕೂತಿರುತ್ತಿದ್ದರು.

ಇಷ್ಟು ಪೀಠಿಕೆ ಯಾಕೆಂದರೆ, ಬೆಂಗಳೂರಿನ ಈ ಮೂವತ್ತು-ನಲವತ್ತರ ಮನೆಯಲ್ಲಿ ನನ್ನನ್ನು ನನ್ನ ಹೆಂಡತಿ “ಕಲೆಕ್ಟರ್ ಸಾಹೇಬ್ರೇ” ಎಂದೇ ಕರೆಯುವುದು. ಅಪ್ಪ ಇದ್ದಿದ್ದರೆ ಸಂತೋಷಪಡುತ್ತಿದ್ದ. ಅವಳು ಯಾವ ಅರ್ಥದಲ್ಲಿ ಕರೆಯುತ್ತಾಳೆಂದು ವಿಚಾರಿಸುವ ಸ್ವಭಾವ ಅವನದಲ್ಲ.

ತಾರಸಿಯ ಮೇಲೆ ನನ್ನದೊಂದು ಸಣ್ಣ ರೂಮಿದೆ. ಅಲ್ಲಿ ಏನಿದೆ ಎನ್ನುವುದಕ್ಕಿಂತ ಏನಿಲ್ಲ ಎಂದು ಹೇಳುವುದು ಸುಲಭ: ಅಲ್ಲಿ ನಿಲ್ಲಲು ಜಾಗವಿಲ್ಲ. ಮುಚ್ಚಳವಿಲ್ಲದ ಹಾರ್ಲಿಕ್ಸ್ ಬಾಟಲಿ, ಬಾಟಲಿಯಿಲ್ಲದ ಮುಚ್ಚಳ, ಐಸ್‌ಕ್ರೀಮ್ ಡಬ್ಬಿ, ಯಾವ ಬೀಗದ್ದೆಂದು ಬೀಗಕ್ಕೂ ನೆನಪಿಲ್ಲದ ಕೀಲಿಕೈಗಳು, ಸತ್ತ ಫೋನುಗಳ ಜೀವಂತ ಚಾರ್ಜರುಗಳು, ವಿಚ್ಛೇದನವಾದವರ ಮದುವೆ ಕರೆಯೋಲೆಗಳು, 1993ರಿಂದ ಈಚಿನ ಪೇಪರು. ಹಳೇ ಪೇಪರನ್ನು ತೂಕಕ್ಕೆ ಹಾಕದಿರಲು ಕಾರಣವಿದೆ. ದರ ಏರಲಿ ಎಂದು ಕಾಯುತ್ತಿದ್ದೇನೆ. ಕೆಲವರು ಷೇರು ಇಟ್ಟುಕೊಳ್ಳುವುದಿಲ್ಲವೇ?

ಪ್ಲಾಸ್ಟಿಕ್ ಕವರುಗಳದು ಬೇರೆಯೇ ಇಲಾಖೆ. ಒಂದು ದೊಡ್ಡ ಕವರು, ಅದರೊಳಗೆ ನಡುವಿನ ಕವರುಗಳು, ಅವುಗಳೊಳಗೆ ಮಡಿಚಿದ ಸಣ್ಣವು. 2016ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕ್ಯಾರಿಬ್ಯಾಗನ್ನು ನಿಷೇಧಿಸಿದಾಗ ಹೆಂಡತಿ ಆದೇಶವನ್ನು ಓದಿ ಹೇಳಿದಳು: ತಯಾರಿಕೆ, ಸಂಗ್ರಹ, ಮಾರಾಟ, ಬಳಕೆ ಯಾವುದೂ ಕೂಡದು.

“ಬಳಕೆ ಅಂತ ಯಾರು ಹೇಳಿದ್ರು? ಇದುವರೆಗೆ ಒಂದನ್ನಾದ್ರೂ ಬಳಸಿದ್ದೀನಾ?” ಎಂದೆ.

“ಅದೇ ರೀ ನಾನೂ ಕೇಳ್ತಿರೋದು” ಎಂದಳು.

ಈ ಮನೆಯಲ್ಲಿ ವಾದದ ಗತಿ ಸಾಮಾನ್ಯವಾಗಿ ಹೀಗೆಯೇ.

ಆ ಬೆಳಗ್ಗೆ ನಾನು ಹಾಲ್‌ನಲ್ಲಿ ಪೇಪರು ಓದುತ್ತಿದ್ದೆ. ಅಡುಗೆಮನೆಯಲ್ಲಿ ಅವಳು ಮಗಳ ಜೊತೆ ಫೋನಿನಲ್ಲಿದ್ದಳು. ಕದ್ದು ಕೇಳುವ ಚಾಳಿ ನನಗಿಲ್ಲ. ಮಿಕ್ಸಿ ನಿಂತ ಹೊತ್ತಿಗೆ ಸರಿಯಾಗಿ ಕಿವಿಗೆ ಬಿತ್ತು.

“ಕಲೆಕ್ಟರ್ ಪೂರ್ತಿ ಹೋಗಿದೆಯಂತೆ ಕಣೇ. ಹೂಂ, ತುಂಬಾ ಹಳೇದಾಯ್ತಲ್ಲ.”

ಅವಳು ನನ್ನ ವಿಷಯವನ್ನು ನಪುಂಸಕ ಲಿಂಗದಲ್ಲಿ ಮಾತಾಡುವುದು ಹೊಸದೇನಲ್ಲ. ಸಿಟ್ಟು ಬಂದಾಗ “ಎಲ್ಲಿ ಹೋಯ್ತು ಇದು?” ಎಂದು ಹುಡುಕುತ್ತಾಳೆ. ಹಾಗಾಗಿ ಅನುಮಾನಕ್ಕೆ ಎಡೆಯೇ ಇರಲಿಲ್ಲ.

“ಒಳಗೆಲ್ಲಾ ಉಪ್ಪು ಕಟ್ಕೊಂಡಿದೆ ಅಂದ.”

ಹಿಂದಿನ ವಾರವಷ್ಟೇ ಡಾಕ್ಟರು ಬಿ.ಪಿ. ನೋಡಿ ಉಪ್ಪು ಕಡಿಮೆ ಮಾಡಿ ಎಂದಿದ್ದರು. ಇಷ್ಟು ಕೈಮೀರಿದೆ ಎಂದು ನನಗೆ ಹೇಳದೆ ಇವಳಿಗೆ ಮಾತ್ರ ಹೇಳಿದ್ದಾರೆ.

“ಬೆಳಗ್ಗೆ ಹೊತ್ತು ಬಿಸೀನೇ ಇರಲ್ಲ. ಹನ್ನೊಂದರ ಮೇಲೆ ಏನೋ ಸ್ವಲ್ಪ ಬೆಚ್ಚಗಾಗತ್ತೆ. ಮೋಡ ಮುಚ್ಚಿದ್ರೆ ಮುಗೀತು, ಅವತ್ತೆಲ್ಲಾ ತಣ್ಣಗೆ ಬಿದ್ದಿರತ್ತೆ.”

ಇದು ನಿಜವೇ. ಮೋಡದ ದಿನ ನಾನು ಹೊದ್ದಿಕೆ ಬಿಟ್ಟು ಏಳುವುದಿಲ್ಲ.

“ರಿಪೇರಿಗೆ ದುಡ್ಡು ಹಾಕೋದು ದಂಡವಂತೆ. ಹೊಸದೇ ತರೋಣ ಅಂತಿದ್ದೀನಿ. ಪಕ್ಕದ ಮನೆಯವರು ತಂದಿದ್ದಾರಲ್ಲ, ಆ ಥರದ್ದು, ಉದ್ದಕ್ಕೆ ತೆಳ್ಳಗೆ. ನೋಡೋಕೂ ಚೆನ್ನಾಗಿದೆ.”

ಪಕ್ಕದ ಮನೆಯ ಯಜಮಾನರನ್ನು ಮನಸ್ಸಿನಲ್ಲೇ ಅಳೆದೆ. ಉದ್ದ ಹೌದು. ತೆಳ್ಳಗೂ ಹೌದು. ಆದರೆ ಅವರನ್ನು ಎಲ್ಲಿಂದಲೋ ತಂದದ್ದೆಂದು ಗೊತ್ತಿರಲಿಲ್ಲ.

“ಹಳೇದಾ? ಗುಜರಿಯವನಿಗೆ ಕೊಟ್ರಾಯ್ತು. ತಾಮ್ರಕ್ಕಾದ್ರೂ ನಾಲ್ಕು ಕಾಸು ಬರತ್ತೆ.”

ತಾಮ್ರ ಎಂದಾಗ ಹೋದ ಜೀವ ಬಂತು. ನನಗೆ ಸೇರಿದ ತಾಮ್ರವೆಂದರೆ ಸಂಧ್ಯಾವಂದನೆಯ ಪಂಚಪಾತ್ರೆ, ಉದ್ಧರಣೆ ಮಾತ್ರ. ಅದರ ಉಪಯೋಗವೂ ಅಷ್ಟಕ್ಕಷ್ಟೇ. ಮೇಲೆ ಹೋಗಿ ನೋಡಿದರೆ ಸೋಲಾರ್ ಮೆಕ್ಯಾನಿಕ್ ತಾರಸಿಯ ಮೇಲೆ ಕೂತು ಬೀಡಿ ಸೇದುತ್ತಿದ್ದ. ಅವನ ಎದುರಿಗೆ ಕಲೆಕ್ಟರ್ ಮಲಗಿತ್ತು.

ನಾವೆಲ್ಲ ಪ್ಯಾನಲ್ ಎನ್ನುವ, ಗಾಜಿನ ಮುಚ್ಚಳವಿರುವ ಆ ಚಪ್ಪಟೆ ಪೆಟ್ಟಿಗೆಗೆ ಆ ಕಸುಬಿನವರು ಕಲೆಕ್ಟರ್ ಎನ್ನುತ್ತಾರೆ. ಒಳಗೆ ಕಪ್ಪು ಲೇಪನದ ತಾಮ್ರದ ತಗಡು, ಅದಕ್ಕೆ ಬೆಸೆದ ತಾಮ್ರದ ಸಣ್ಣ ಪೈಪುಗಳು. ಬೆಂಗಳೂರಿನಲ್ಲಿ ಬೆಳಗಿನ ಸ್ನಾನ ಮಾಡುವ ಮನೆಗಳ ತಾರಸಿಯ ಮೇಲೆಲ್ಲ ಇದು ದಕ್ಷಿಣಕ್ಕೆ ಮುಖ ಮಾಡಿ ಓರೆಯಾಗಿ ಕೂತಿರುತ್ತದೆ. ಸೂರ್ಯ ವರ್ಷದ ಬಹುಪಾಲು ನಮ್ಮ ನೆತ್ತಿಗಿಂತ ದಕ್ಷಿಣಕ್ಕೆ ವಾಲಿಕೊಂಡೇ ಹೋಗುತ್ತಾನಲ್ಲ, ಅದಕ್ಕೆ. ಸೋಲಾರ್ ಹಾಕಿಸಿದ ಹೊಸತರಲ್ಲಿ ಬೆಸ್ಕಾಂ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಬೇಟ್ ಬರುತ್ತಿತ್ತು. ಆ ಬಿಲ್ಲುಗಳೂ ರೂಮಿನಲ್ಲಿವೆ.

“ಪಂಪಿಲ್ಲದೆ ನೀರು ಮೇಲಿನ ಟ್ಯಾಂಕಿಗೆ ಹೇಗಪ್ಪಾ ಹೋಗತ್ತೆ?” ಎಂದು ಕೇಳಿದೆ, ನನಗೂ ಸ್ವಲ್ಪ ತಿಳಿದಿದೆ ಎನ್ನುವ ಧಾಟಿಯಲ್ಲಿ.

“ಬಿಸಿ ನೀರು ಹಗುರ ಸಾರ್, ತಾನೇ ಏರತ್ತೆ. ತಣ್ಣೀರು ತೂಕ, ಟ್ಯಾಂಕಿಂದ ಇದಕ್ಕೆ ಇಳಿಯತ್ತೆ. ಬಿಸಿಲಿರೋವರ್ಗೂ ಸುತ್ತು ಹೊಡೀತಾನೇ ಇರತ್ತೆ. ಕಲೆಕ್ಟರ್ ಕೆಲಸ ಇಷ್ಟೇ ಸಾರ್. ತನ್ನ ಹತ್ರ ಇಟ್ಕೋಬಾರ್ದು. ಬಂದಿದ್ದನ್ನ ಮೇಲಕ್ಕೆ ಕಳಿಸ್ತಾ ಇರ್ಬೇಕು. ನಿಮ್ದು ಬೋರ್‌ವೆಲ್ ನೀರು, ಗಡಸು. ಪೈಪೊಳಗೆ ಉಪ್ಪು ಕಟ್ಟಿ ಬ್ಲಾಕ್ ಆಗಿದೆ. ತುಂಬ್ಕೊಂಡಿದೆ, ಆದ್ರೆ ಕಳಿಸ್ತಿಲ್ಲ.”

ನನ್ನ ಹಿಂದೆಯೇ ಮೆಟ್ಟಿಲು ಹತ್ತಿ ಬಂದ ಹೆಂಡತಿ “ಇನ್ನೊಂದ್ಸಲ ಹೇಳಪ್ಪಾ” ಎಂದಳು. ಅವನು ಪಾಪ, ಹೇಳಿದ. ಅವಳು ಕೇಳಿದ್ದು ಅವನಿಂದ, ನೋಡಿದ್ದು ನನ್ನನ್ನು.

ಕಂಪನಿ ಸರ್ಕಾರದಲ್ಲಿ 1772ರಲ್ಲಿ ವಾರನ್ ಹೇಸ್ಟಿಂಗ್ಸ್ ಕಲೆಕ್ಟರ್ ಹುದ್ದೆ ಹುಟ್ಟುಹಾಕಿದಾಗಲೂ ಕೆಲಸ ಇದೇ ಇತ್ತು: ಕಂದಾಯ ವಸೂಲು ಮಾಡು, ಮೇಲಕ್ಕೆ ಕಳಿಸು. ನಡುವೆ ಇಟ್ಟುಕೊಂಡವರ ವಿಚಾರಣೆಗಳೂ ನಡೆದವು. ಈ ಚಾರಿತ್ರಿಕ ವಿವರವನ್ನು ನಾನು ಆ ಹೊತ್ತಿನಲ್ಲಿ ಹೇಳಬಾರದಿತ್ತು. “ನೋಡಿ, ಇನ್ನೂರೈವತ್ತು ವರ್ಷದಿಂದ ಅದನ್ನೇ ಹೇಳ್ತಿದ್ದಾರೆ” ಎಂದಳು.

ಹೊಸದು ಬಂತು. ಸಾಲಾಗಿ ಜೋಡಿಸಿದ ಕಪ್ಪು ಗಾಜಿನ ಕೊಳವೆಗಳು; ಒಂದೊಂದಕ್ಕೂ ಎರಡು ಪದರ, ನಡುವೆ ಗಾಳಿ ತೆಗೆದ ಖಾಲಿ ಜಾಗ. ಒಳಗೆ ಬಂದ ಬಿಸಿ ಹೊರಗೆ ಹೋಗುವುದಿಲ್ಲ. ಉಪ್ಪು ಕಟ್ಟಿದರೂ ತಡೆದುಕೊಳ್ಳುತ್ತದಂತೆ, ಕೊಳವೆ ಬಿಚ್ಚಿ ತೊಳೆಯಬಹುದಂತೆ. ಮೆಕ್ಯಾನಿಕ್ ಹಳೆಯದನ್ನು ಹೆಗಲಿಗೇರಿಸಿದ. “ಅದನ್ನ ಇಳಿಸು” ಎಂದೆ. ತಾಮ್ರದ ದರ ಏನು ಗೊತ್ತೇ? ಇವತ್ತು ಇಷ್ಟಿದ್ದರೆ ಮೊಮ್ಮಗನ ಕಾಲಕ್ಕೆ ಎಷ್ಟಾಗಬೇಕು? ಹೀಗೆ ಸೂರ್ಯನ ಸೇವೆಯಿಂದ ನಿವೃತ್ತವಾದ ಕಲೆಕ್ಟರ್, ಬ್ಯಾಂಕಿನ ಸೇವೆಯಿಂದ ನಿವೃತ್ತನಾದ ಕಲೆಕ್ಟರನ ವಶಕ್ಕೆ ಬಂತು. ರೂಮಿನಲ್ಲಿ ಜಾಗ ಇರಲಿಲ್ಲವಾಗಿ ತಾರಸಿಯ ಮೂಲೆಯಲ್ಲೇ ಗೋಡೆಗೆ ಒರಗಿಸಿದೆ. ಬಿಸಿಲಿಗೆ ಹಾಳಾಗಬಾರದೆಂದು (ಇಷ್ಟು ವರ್ಷ ಅದು ಎಲ್ಲಿತ್ತು ಎಂದು ಹೆಂಡತಿ ಕೇಳಿದಳು) ನನ್ನ ಇಲಾಖೆಯಿಂದ ದೊಡ್ಡ ಕವರುಗಳನ್ನು ತಂದು ಹೊದಿಸಿದೆ. ಬಳಕೆಯಿಲ್ಲ ಎನ್ನುತ್ತಿದ್ದಳಲ್ಲ, ಈಗ ನೋಡಲಿ.

ಮಗಳು ಅದರ ಫೋಟೋ ತರಿಸಿಕೊಂಡು, ಉತ್ತರವಾಗಿ ನ್ಯೂಯಾರ್ಕಿನ ಕಾಲಿಯರ್ ಸೋದರರ ಕಥೆ ಕಳಿಸಿದಳು. ಹಾರ್ಲೆಮ್‌ನಲ್ಲಿ ದೊಡ್ಡ ಮನೆಯಿದ್ದ ಹೋಮರ್ ಮತ್ತು ಲ್ಯಾಂಗ್ಲಿ. ಅಣ್ಣನಿಗೆ ಕಣ್ಣು ಹೋಯಿತು. ಮುಂದೆ ದೃಷ್ಟಿ ಬಂದಾಗ ಓದಿಕೊಳ್ಳಲಿ ಎಂದು ತಮ್ಮ ಪೇಪರುಗಳನ್ನೆಲ್ಲ ಕೂಡಿಡುತ್ತ ಹೋದ. 1947ರ ಮಾರ್ಚಿನಲ್ಲಿ ಪೊಲೀಸರು ಒಳಹೊಕ್ಕಾಗ ಅಣ್ಣ ಸತ್ತಿದ್ದ. ತಮ್ಮನ ಹೆಣ ಸಿಕ್ಕಿದ್ದು ಏಪ್ರಿಲ್‌ನಲ್ಲಿ, ಅಣ್ಣನಿದ್ದ ಜಾಗದಿಂದ ಹತ್ತೇ ಅಡಿ ದೂರದಲ್ಲಿ, ತಾನೇ ಪೇರಿಸಿದ ರಾಶಿಯ ಕೆಳಗೆ. ಹೊರಗೆ ಸಾಗಿಸಿದ ಸಾಮಾನು ನೂರು ಟನ್ನಿಗೂ ಮೇಲು. ಅದರಲ್ಲಿ ಪಿಯಾನೊಗಳೇ 14.

ನನಗೆ ಎಚ್ಚರಿಕೆಯಾಗಲಿ ಎಂದು ಕಳಿಸಿದ್ದು. ನಾನು ಓದಿ “ತಮ್ಮ ಅಂದ್ರೆ ಹೀಗಿರ್ಬೇಕು” ಎಂದೆ. ಪಿಯಾನೊ ವಿಷಯದಲ್ಲಿ ಮಾತ್ರ ಅವರದು ಅತಿಯಾಯಿತು. ನನ್ನ ಹತ್ತಿರ ಇರುವುದು ಒಂದೇ ಹಾರ್ಮೋನಿಯಂ, ಅದೂ ಅರ್ಧ.

ಮನೆಯ ಮೂರನೆಯ ಕಲೆಕ್ಟರ್ ಈ ತಾರಸಿಯೇ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಕೆಮ್ಮಿ, ಟ್ಯಾಂಕರಿನವನು ನಮ್ಮನ್ನು ಗುರುತೇ ಹಿಡಿಯದಂತಾದ ಮೇಲೆ ಹೆಂಡತಿ ಮಳೆ ನೀರಿನ ವ್ಯವಸ್ಥೆಗೆ ಪಟ್ಟು ಹಿಡಿದಳು. ಜಯನಗರ ಐದನೇ ಬ್ಲಾಕಿನಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲಿನ ಪಾರ್ಕೇ ಇದೆ, ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನದು, ಅಲ್ಲಿಗೆ ನನ್ನನ್ನು ಎಳೆದುಕೊಂಡು ಹೋದಳು. ವಿಜಯನಗರದಲ್ಲಿ ವಿಜ್ಞಾನಿ ಎ.ಆರ್. ಶಿವಕುಮಾರ್ ಅವರು 1995ರಿಂದ ಮಳೆ ನೀರಿನಲ್ಲೇ ಸಂಸಾರ ನಡೆಸುತ್ತಿದ್ದಾರೆ ಎನ್ನುವುದನ್ನು ದಿನಕ್ಕೊಮ್ಮೆ ಹೇಳಿದಳು. ಲೆಕ್ಕವೂ ಸರಳ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮ ತಾರಸಿ ನೂರು ಚದರ ಮೀಟರಿನ ಆಸುಪಾಸು. ಬೆಂಗಳೂರಿನ ವರ್ಷದ ಸರಾಸರಿ ಮಳೆ 900 ಮಿಲಿಮೀಟರಿಗೂ ಹೆಚ್ಚು. ಅಂದರೆ ನೆತ್ತಿಯ ಮೇಲೆ ವರ್ಷಕ್ಕೆ 90 ಸಾವಿರ ಲೀಟರಿಗೂ ಮೀರಿ ಪುಕ್ಕಟೆ ಸುರಿದು ಚರಂಡಿಗೆ ಹೋಗುತ್ತಿತ್ತು! ಪುಕ್ಕಟೆ ಎಂಬ ಮಾತು ಕೇಳಿದ ಕೂಡಲೇ ನಾನೂ ಪರಿಸರವಾದಿಯಾದೆ.

ಒಂದೇ ಭಿನ್ನಾಭಿಪ್ರಾಯ. ಮೊದಲ ಮಳೆಯ ನೀರನ್ನು ಸಂಪಿಗೆ ಬಿಡಬಾರದು. ತಾರಸಿಯ ಧೂಳು, ಎಲೆ, ಹಕ್ಕಿ ಹಿಕ್ಕೆಗಳನ್ನೆಲ್ಲ ತೊಳೆದುಕೊಂಡು ಬರುತ್ತದೆ, ಹೊರಗೆ ಬಿಟ್ಟುಬಿಡಿ ಎಂದು ಪ್ಲಂಬರ್ ಹೇಳಿದ. ಅದಕ್ಕೊಂದು ಬೇರೆ ವಾಲ್ವನ್ನೇ ಇಟ್ಟಿದ್ದಾನೆ. ಬಂದದ್ದನ್ನು ಬಿಟ್ಟುಬಿಡಲು ಇಟ್ಟ ಸಾಧನವನ್ನು ನಾನು ನನ್ನ ಮನೆಯಲ್ಲಿ ಕಂಡದ್ದು ಅದೇ ಮೊದಲು. ಮನಸ್ಸು ತಡೆಯದೆ ಅಲ್ಲೊಂದು ಬಕೆಟ್ ಇಟ್ಟೆ. ಆ ಬಕೆಟ್ಟಿನ ನೀರಿನಲ್ಲಿ ಹುಟ್ಟಿದ ಸೊಳ್ಳೆಗಳನ್ನೂ ಕೂಡಿಡುತ್ತೀರಾ ಎಂದು ಹೆಂಡತಿ ಕೇಳಿದಳು.

ಅಕ್ಟೋಬರಿನ ಒಂದು ರಾತ್ರಿ ಮಳೆ ಹೊಡೆಯಿತು. ಅಂಥ ಮಳೆಯಲ್ಲಿ ಗಾಳಿ ಬೀಸಿದ್ದು ಪ್ರಕೃತಿಯ ವ್ಯಾಪಾರ. ಗಾಳಿಗೆ ಹಳೇ ಕಲೆಕ್ಟರಿನ ಮೇಲಿದ್ದ ಕವರುಗಳು ಹಾರಿದ್ದು ಭೌತಶಾಸ್ತ್ರ. ಹಾರಿದವು ಹೋಗಿ ತಾರಸಿಯ ನೀರು ಇಳಿಯುವ ಪೈಪಿನ ಬಾಯಿಗೇ ಮೆತ್ತಿಕೊಂಡದ್ದು ದೈವ. ಮೂರರಲ್ಲಿ ನನ್ನ ಪಾತ್ರ ಎಲ್ಲಿದೆ ಎಂದು ನಾನು ಇವತ್ತಿಗೂ ಕೇಳುತ್ತಿದ್ದೇನೆ. ಬೆಳಗಾಗುವಷ್ಟರಲ್ಲಿ ತಾರಸಿ ಕೆರೆಯಾಗಿತ್ತು. ನೀರು ರೂಮಿನ ಬಾಗಿಲ ಸಂದಿಯಿಂದ ಒಳಗೆ ನುಗ್ಗಿ ಪೇಪರಿನ ಕಟ್ಟುಗಳನ್ನು ಕೆಳಗಿನಿಂದ ಮೇಲಕ್ಕೆ, ಅಂದರೆ ಕಾಲಾನುಕ್ರಮದಲ್ಲಿ, ಕುಡಿಯುತ್ತ ಹೋಗಿತ್ತು. ಸಂಪಿನಲ್ಲಿ ಒಂದು ತೊಟ್ಟು ಏರಿರಲಿಲ್ಲ.

ಹೆಂಡತಿ ಕೂಗಾಡಲಿಲ್ಲ. ಅದೇ ಭಯವಾದದ್ದು. ಕುರ್ಚಿ ಎಳೆದುಕೊಂಡು ಕೂತು “ಮಂಡೂರಿನವರು ಏನ್ ಮಾಡಿದ್ರು ನೆನಪಿದ್ಯಾ?” ಎಂದಳು.

ನೆನಪಿಲ್ಲದೆ ಏನು, ಆ ಪೇಪರೂ ಇದೆ. ಬೆಂಗಳೂರಿನ ಕಸದ ಲಾರಿಗಳೆಲ್ಲ ವರ್ಷಗಟ್ಟಲೆ ತಮ್ಮೂರಿಗೆ ಬಂದು ಸುರಿದು ಹೋಗುವುದನ್ನು ಸಹಿಸಿ ಸಹಿಸಿ, ಕಡೆಗೆ ಆ ಹಳ್ಳಿಯವರು ಇನ್ನು ಸಾಕು ಎಂದು ಕೂತರು. ಗಡುವು ಕೊಡಿಸಿಕೊಂಡರು. 2014ರ ಡಿಸೆಂಬರ್ 1ರಿಂದ ಲಾರಿ ನಿಂತಿತು.

“ನಿಮ್ಗೂ ಗಡುವು, ಈ ಶನಿವಾರ. ಲಾರಿ ನಿಲ್ಲತ್ತೆ, ಇದ್ದಿದ್ದೂ ಇಳಿಯತ್ತೆ” ಎಂದಳು.

ಗುಜರಿಯವನು ಬಂದು ಒದ್ದೆ ಕಟ್ಟನ್ನು ಎತ್ತಿ ನೋಡಿ ನಕ್ಕ. ಒಣಗಿದ್ದಾಗ ತೂಕಕ್ಕೆ ಹಾಕಲು ನಾನು ಒಪ್ಪಲಿಲ್ಲ. ನೀರು ಕುಡಿದು ಮೂರು ಪಟ್ಟು ತೂಗುವಾಗ ಕೊಳ್ಳಲು ಅವನು ಒಪ್ಪಲಿಲ್ಲ. ವ್ಯಾಪಾರದಲ್ಲಿ ಇಬ್ಬರೂ ಸಮ.

ಉಳಿದದ್ದು ಕಸದ ಆಟೋ. ಇಲ್ಲಿ ಒಂದು ಮಾತು. ನಮ್ಮ ರಸ್ತೆಯಲ್ಲಿ ನಿಜವಾದ ಅಧಿಕಾರ ಯಾರದೆಂದು ತಿಳಿಯಬೇಕಾದರೆ ಬೆಳಗ್ಗೆ ಏಳಕ್ಕೆ ಹೊರಗೆ ನಿಲ್ಲಬೇಕು. ಆಟೋದ ಹಿಂದೆ ಕೈಗವಸು ಹಾಕಿಕೊಂಡು ಬರುವ ಆ ಹೆಂಗಸಿನ ಎದುರು ಸಾಫ್ಟ್‌ವೇರ್ ಮ್ಯಾನೇಜರೂ ಬಕೆಟ್ ಹಿಡಿದು ಕೈಕಟ್ಟಿ ನಿಲ್ಲುತ್ತಾನೆ. ಹಸಿ ಕಸ ಹಸಿರು ಬಕೆಟ್ಟಿಗೆ, ನ್ಯಾಪ್‌ಕಿನ್ನು ಬ್ಯಾಂಡೇಜು ಕೆಂಪು ಬಕೆಟ್ಟಿಗೆ, ಒಣ ಕಸ ಚೀಲಕ್ಕೆ. ಹೈಕೋರ್ಟು 2015ರ ಡಿಸೆಂಬರಿನಲ್ಲೇ ಹೇಳಿದ್ದನ್ನು ರಸ್ತೆಯಲ್ಲಿ ಜಾರಿಗೆ ತಂದವಳು ಇವಳು. ಹಸಿಯಲ್ಲಿ ಒಂದು ಹಾಲಿನ ಕವರು ಸಿಕ್ಕಿದರೆ ಇಡೀ ಬಕೆಟ್ಟನ್ನು ಹಿಂದಕ್ಕೆ ಕೊಡುತ್ತಾಳೆ. ಮೇಲ್ಮನವಿಗೆ ಅವಕಾಶವಿಲ್ಲ. ಬಂದದ್ದನ್ನೆಲ್ಲ ತೆಗೆದುಕೊಳ್ಳುತ್ತಾಳೆ, ವಿಂಗಡಿಸುತ್ತಾಳೆ, ಒಣದನ್ನು ಒಣ ಕಸ ಸಂಗ್ರಹ ಕೇಂದ್ರಕ್ಕೆ ಕಳಿಸುತ್ತಾಳೆ; ರಾತ್ರಿಯೊಳಗೆ ಅವಳ ಗಾಡಿ ಖಾಲಿ. ನಮ್ಮಪ್ಪ ನನಗೆ ಬಯಸಿದ ಠೀವಿಯೆಲ್ಲ ಅವಳಲ್ಲಿದೆ. ಸಂಬಳ ಮಾತ್ರ ಆ ಠೀವಿಗೆ ತಕ್ಕದ್ದಲ್ಲ, ಅದು ನಮ್ಮೂರಿಗೆ ಮರ್ಯಾದೆ ತರುವ ವಿಷಯವೂ ಅಲ್ಲ.

ನಾನು ಒದ್ದೆ ಪೇಪರಿನ ಮೊದಲ ಕಂತನ್ನು ಗೇಟಿಗೆ ತಂದೆ. ಹಸಿ ಬಕೆಟ್ಟಿನ ಕಡೆ ಕೈ ಚಾಚಿದಾಗ ಅವಳು ತಡೆದಳು.

“ಸಾರ್, ಪೇಪರು ಒಣ ಕಸ.”

ಒಣ ಚೀಲದ ಕಡೆ ತಿರುಗಿಸಿದೆ.

“ಸಾರ್, ಒದ್ದೆಯಿದೆ. ಚೀಲದಲ್ಲಿರೋ ಬೇರೆ ಪೇಪರೆಲ್ಲಾ ಹಾಳಾಗ್ತದೆ.”

“ಮತ್ತೆ ಇದು ಯಾವ ಕಸ ತಾಯಿ?”

ಅವಳು ಯೋಚಿಸಿದಳು. ರಸ್ತೆಯ ಮಂದಿಯೆಲ್ಲ ಬಕೆಟ್ ಕೆಳಗಿಟ್ಟು ತೀರ್ಪಿಗೆ ಕಾದರು. ಮಹಡಿಯಿಂದ ಹೆಂಡತಿ ಬಗ್ಗಿ ನೋಡುತ್ತಿದ್ದಳು.

“ಇದು ಇನ್ನೂ ಕಸ ಆಗಿಲ್ಲ ಸಾರ್” ಎಂದಳು. “ಒಣಗಿಸಿ ಕೊಡಿ, ಆಮೇಲೆ ಕಸ. ಬುಧವಾರ ಒಣ ಕಸಕ್ಕೆ ಬರ್ತೀನಿ, ಎಲ್ಲಾ ಹಾಕ್ಬಿಡಿ.”

“ಕೇಳಿಸ್ತಾ? ಇನ್ನೂ ಕಸ ಆಗಿಲ್ಲವಂತೆ!” ಎಂದು ಮಹಡಿಯತ್ತ ಕೂಗಿದೆ. ಇಷ್ಟು ವರ್ಷ ನಾನು ಹೇಳಿದ್ದು ಅದನ್ನೇ. ಹೆಂಡತಿ ಗಡುವನ್ನು ಶನಿವಾರದಿಂದ ಬುಧವಾರಕ್ಕೆ ಮುಂದೂಡಬೇಕಾಯಿತು. ಅವಳ ಮಾತಿನ ಮೇಲೆ ಮಾತಾಡುವ ಅಧಿಕಾರ ಆಟೋದವಳಿಗಿದೆ.

ಮಳೆ ಬಿಟ್ಟು ಬಿಸಿಲು ಬಂತು. ಬಟ್ಟೆಯ ಹಗ್ಗಕ್ಕೆ ಕ್ಲಿಪ್ ಹಾಕಿ ಪೇಪರುಗಳನ್ನು ಹಾಳೆ ಹಾಳೆಯಾಗಿ ನೇತುಹಾಕಿದೆ. ಒಣಗುವವರೆಗೆ ಕಾಯಬೇಕಲ್ಲ, ಕಾಯುವವನು ಸುಮ್ಮನೆ ಕೂರುವುದು ಹೇಗೆ? ಮೊದಲ ಹಗ್ಗದಲ್ಲಿ 1993 ಸಿಕ್ಕಿತು, ಸಲೀಸಾಗಿ ಮುಗಿಯಿತು. 1994ರ ಫೆಬ್ರವರಿಗೆ ಬಂದಾಗ ಕಪಿಲ್ ದೇವ್ ಹ್ಯಾಡ್ಲಿಯ 431 ವಿಕೆಟ್ಟಿನ ದಾಖಲೆಯನ್ನು ಮುರಿಯುತ್ತಿದ್ದ. ಅದನ್ನು ಅರ್ಧಕ್ಕೆ ಬಿಟ್ಟು ಏಳಲಾಗುತ್ತದೆಯೇ? ಹೆಂಡತಿ ಊಟಕ್ಕೆ ಕರೆದಳು. ಆಮೇಲೆ ಕರೆಯುವುದನ್ನು ಬಿಟ್ಟಳು. ಆಮೇಲೆ ತಾನೇ ಬಂದು ಒಂದು ಹಾಳೆಯ ಮುಂದೆ ನಿಂತಳು. “ರೀ, ಆಗ ಚಿನ್ನದ ರೇಟು ಇಷ್ಟೇನಾ?” ಎಂದು ಅಲ್ಲೇ ಕೂತಳು, ಇದನ್ನು ಬರೆಯಬೇಡಿ ಎಂದಿದ್ದಾಳೆ.

ಬುಧವಾರ ಆಟೋ ಬಂದು ಹಾರ್ನ್ ಹೊಡೆದಾಗ ನಮ್ಮ ತಾರಸಿಯಲ್ಲಿ ವೀರಪ್ಪ ಮೊಯಿಲಿಯವರೇ ಇನ್ನೂ ಮುಖ್ಯಮಂತ್ರಿ.

“ಸಾರ್, ಪೇಪರು?” ಎಂದು ಅವಳು ಕೆಳಗಿನಿಂದ ಕೂಗಿದಳು.

“ಇನ್ನೊಂದು ವಾರ ಬಿಟ್ಟು ಬಾ ತಾಯಿ. ದೇವೇಗೌಡರು ಬಂದುಬಿಡ್ಲಿ” ಎಂದೆ.